ವಿದ್ಯುತ್ತನ್ನೂ ಕೊಟ್ಟು, ಮೇಲೆ ಹಣವನ್ನೂ ಕೊಟ್ಟು

ಸರಕನ್ನು ಕೊಂಡವನಿಗೆ ಮಾರಿದವನೇ ಹಣ ತೆರುವ ವ್ಯಾಪಾರವನ್ನು ನಮ್ಮ ಯಾವ ಸಂತೆಯೂ ಕಂಡಿರಲಾರದು. ಜರ್ಮನಿಯ ವಿದ್ಯುತ್ ವಿನಿಮಯ ಕೇಂದ್ರದಲ್ಲಿ 2008ರಿಂದಲೇ ಇದಕ್ಕೆ ಅವಕಾಶವಿದೆ. 2023ರಲ್ಲಿ 301 ಗಂಟೆ, 2024ರಲ್ಲಿ 457 ಗಂಟೆಗಳ ಕಾಲ ಅಲ್ಲಿನ ಸಗಟು ದರ ಸೊನ್ನೆಗಿಂತ ಕೆಳಗಿತ್ತು.

ಭಾನುವಾರದ ಮಧ್ಯಾಹ್ನ ಕಾರ್ಖಾನೆಗಳು ಮುಚ್ಚಿರುತ್ತವೆ, ಬಿಸಿಲು ಮಾತ್ರ ರಜೆ ಹಾಕುವುದಿಲ್ಲ. ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸರಿದೂಗಬೇಕು. ಆದರೆ ಲಿಗ್ನೈಟ್ ಸ್ಥಾವರವನ್ನು ಕೆಲವು ಗಂಟೆಗಳಿಗಾಗಿ ನಿಲ್ಲಿಸಿ ಮತ್ತೆ ಹೊತ್ತಿಸುವುದಕ್ಕಿಂತ ನಷ್ಟಕ್ಕೆ ಮಾರುವುದೇ ಅದರ ಒಡೆಯರಿಗೆ ಅಗ್ಗ. ಮನೆಯ ಛಾವಣಿಯ ಹಳೆಯ ಸೌರ ಫಲಕಗಳಿಗೋ 20 ವರ್ಷಗಳ ಖಾತರಿ ದರವಿದೆ. ಪೇಟೆ ಕುಸಿದರೆ ಅವುಗಳ ಮಾಲೀಕರಿಗೇನು ಚಿಂತೆ? ಈ ವ್ಯತ್ಯಾಸವನ್ನು 2022ರ ನಡುವಿನವರೆಗೆ ಗ್ರಾಹಕರೇ ಬಿಲ್ಲಿನಲ್ಲಿ ತುಂಬುತ್ತಿದ್ದರು. ಬಳಿಕ ಆ ಹೊರೆ ಸರ್ಕಾರದ ಬೊಕ್ಕಸಕ್ಕೆ ವರ್ಗವಾಯಿತು. ದರ ಸೊನ್ನೆಗಿಂತ ಕೆಳಗಿಳಿದ ಹೊತ್ತಿನಲ್ಲಿ ಹೊಸ ಸೌರ ಘಟಕಗಳಿಗೆ ಖಾತರಿ ಹಣವಿಲ್ಲವೆಂಬ ಕಾನೂನು 2025ರ ಫೆಬ್ರವರಿಯಲ್ಲಿ ಬಂದಿತು. ತಡವಾಗಿಯಾದರೂ ಇದು ಸರಿಯಾದ ಹೆಜ್ಜೆ.

ಹೆಚ್ಚುವರಿಯನ್ನು ಬಳಸುವ ದಾರಿಗಳೇನೋ ಇವೆ. ತುರಿಂಗಿಯಾದ ಗೋಲ್ಡಿಸ್ಟಾಲ್‌ನ ಸುಮಾರು 1,060 ಮೆಗಾವಾಟ್ ಸ್ಥಾವರವು ಅಗ್ಗದ ಹೊತ್ತಿನಲ್ಲಿ ನೀರನ್ನು ಬೆಟ್ಟದ ಮೇಲಿನ ಜಲಾಶಯಕ್ಕೆ ಏರಿಸಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗಿಳಿಸುತ್ತದೆ. ಕೆಲವು ನಗರಗಳಲ್ಲಿ ಬೃಹತ್ ವಿದ್ಯುತ್ ಬಾಯ್ಲರ್‌ಗಳು ಮನೆಗಳನ್ನು ಬೆಚ್ಚಗಿಡಲು ನೀರು ಕಾಯಿಸುತ್ತವೆ. ಗಂಟೆಗಂಟೆಗೂ ಬದಲಾಗುವ ದರದ ಯೋಜನೆಯನ್ನು ಎಲ್ಲ ಪೂರೈಕೆದಾರರೂ ನೀಡಬೇಕೆಂಬ ನಿಯಮ 2025ರ ಜನವರಿಯಿಂದ ಜಾರಿಯಲ್ಲಿದೆ. ಅದಕ್ಕೆ ಬೇಕಾದ ಸ್ಮಾರ್ಟ್ ಮೀಟರ್ ಬಹುಪಾಲು ಮನೆಗಳಿಗೆ ತಲುಪಿರಲಿಲ್ಲ ಎಂಬುದು ಬೇರೆ ಮಾತು. ಜಾಲದ ಶುಲ್ಕ, ತೆರಿಗೆಗಳಂತೂ ತಪ್ಪವು. ಹೀಗಾಗಿ ಸಗಟು ದರ ತುಸು ಕೆಳಗಿಳಿದ ಮಾತ್ರಕ್ಕೆ ಮನೆಯ ವಿದ್ಯುತ್ ಪುಕ್ಕಟೆಯಾಗದು.

ಭಾರತದ ವಿನಿಮಯ ಕೇಂದ್ರಗಳಲ್ಲಿ ದರ ಸೊನ್ನೆಗಿಂತ ಕೆಳಗಿಳಿದದ್ದಿಲ್ಲ. ಆದರೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಇರುವ ರಾಜ್ಯಕ್ಕೆ ಹಗಲಿನ ಉಬ್ಬರ ಹೊಸತಲ್ಲ. ರಾತ್ರಿ ಹಾವು-ಚೇಳುಗಳ ಭಯದಲ್ಲಿ ಗದ್ದೆಗೆ ನೀರು ಹಾಯಿಸಿದ ರೈತನಿಗೆ ಹಗಲಿನಲ್ಲೇ ತ್ರೀಫೇಸ್ ಕೊಡುವುದು ಇದರ ಅತ್ಯಂತ ಅಗ್ಗದ ಬಳಕೆ. ಅದಕ್ಕೆ ಹೊಸ ಅಣೆಕಟ್ಟು ಬೇಕಿಲ್ಲ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವಾಟ್ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾದರೋ ಸಿಂಗಳೀಕಗಳ ಅಭಯಾರಣ್ಯದ ಕಾಡನ್ನೇ ಕಡಿಯಬೇಕಾಗುತ್ತದೆ. ಪಂಪ್‌ಸೆಟ್ಟುಗಳನ್ನು ಪೂರ್ಣವಾಗಿ ಹಗಲಿಗೆ ತಂದ ಮೇಲೆ ಉಳಿಯುವ ಹೆಚ್ಚುವರಿ ಎಷ್ಟೆಂಬ ಲೆಕ್ಕವನ್ನು ಸರ್ಕಾರವು ಕೊಡಲಿಗೆ ಮೊದಲು ಜನರ ಮುಂದಿಡಬೇಕು.