ಫೋಟೊಕ್ಕೆ ಹಾರ, ಪ್ರಕರಣಕ್ಕೆ ತಾರೀಖು

‘ನಮ್ಮ ಕಲಬುರಗಿಯವರೇ ಆದ ಡಾ. ಎಂ.ಎಂ. ಕಲಬುರ್ಗಿಯವರು’ ಎಂದು ಮುಖ್ಯ ಅತಿಥಿಗಳು ಭಾಷಣ ಶುರು ಮಾಡಿದಾಗಲೇ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಅವರು ಹುಟ್ಟಿದ್ದು ಭೀಮೆಯ ಆಚೆ, ಸಿಂದಗಿ ಸೀಮೆಯ ಯರಗಲ್ಲಿನಲ್ಲಿ. ಕಲಬುರ್ಗಿ ಎಂಬುದು ಮನೆತನದ ಹೆಸರು ಎಂದು ತಿದ್ದುವ ಹುಮ್ಮಸ್ಸೂ ಉಳಿದಿರಲಿಲ್ಲ. ಆಳಂದದ ಆ ಸಭೆ ನಡೆದದ್ದು ಅವರ ಕೊಲೆಗೆ ಹತ್ತು ವರ್ಷ ತುಂಬಿದ್ದಕ್ಕೆ. ಎರಡು ನಿಮಿಷ ಮೌನ ಅಂದರು, ಅರ್ಧ ನಿಮಿಷಕ್ಕೇ ಯಾರದೋ ಮೊಬೈಲ್ ಹಾಡಿತು. ಆಮೇಲೆ ಅತಿಥಿಗಳ ಬಾಯಿಂದ ಆ ಮಾತು ಬಂತು: ‘ಕೊಲೆ ತಪ್ಪು. ಆದರೆ ಅವರೂ ಸ್ವಲ್ಪ ನಾಲಿಗೆ ಹಿಡಿದು ಮಾತಾಡಬೇಕಿತ್ತು. ಇರಲಿ, ಕಾನೂನು ತನ್ನ ಕೆಲಸ ತಾನು ಮಾಡುತ್ತದೆ.’ ಚಪ್ಪಾಳೆ.

ಯಾವ ಕಾನೂನು ಸ್ವಾಮಿ? ಯಾವ ಕೆಲಸ?

2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರ. ಮೇಷ್ಟ್ರ ಮನೆಯ ಬಾಗಿಲು ತಟ್ಟಿದರೆ ತೆರೆಯುತ್ತದೆ. ಧಾರವಾಡದಲ್ಲಿ ಅದು ರೂಢಿ. ಆ ರೂಢಿಯನ್ನೇ ಬಳಸಿಕೊಂಡು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ 76 ವರ್ಷದ ಮುದುಕರ ಹಣೆಗೆ ಗುಂಡಿಟ್ಟರು. ನ್ಯಾಯಾಲಯಕ್ಕೆ ಆರೋಪಪಟ್ಟಿ ಹೋದದ್ದು 2019ರ ಆಗಸ್ಟಿನಲ್ಲಿ. ನಾಲ್ಕು ವರ್ಷ! ತೀರ್ಪಿಗಲ್ಲ, ಶಿಕ್ಷೆಗಲ್ಲ, ಬರೀ ಆರೋಪಪಟ್ಟಿಗೆ ನಾಲ್ಕು ವರ್ಷ.

ಅದೂ ತಾನಾಗಿ ಆದದ್ದಲ್ಲ. ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2019ರ ಫೆಬ್ರುವರಿಯಲ್ಲಿ ಕೋರ್ಟು ಪ್ರಕರಣವನ್ನು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ತನಿಖೆ ಮಾಡುತ್ತಿದ್ದ ಎಸ್‌ಐಟಿಗೆ ಒಪ್ಪಿಸಿತು. ಆರು ತಿಂಗಳಿಗೆ ಆರೋಪಪಟ್ಟಿ ಸಿದ್ಧ. ಆರು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಅದಕ್ಕೂ ಹಿಂದಿನ ಮೂರೂವರೆ ವರ್ಷ ಸಿಐಡಿ ಏನು ಮಾಡುತ್ತಿತ್ತು? ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಅಂದರೆ ಕಲಬುರ್ಗಿಯವರನ್ನು ಕೊಂದ ಪಿಸ್ತೂಲು ಎರಡು ವರ್ಷ ಆರಾಮವಾಗಿ ಓಡಾಡಿಕೊಂಡು 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಿನಲ್ಲಿ ಮತ್ತೆ ಹಾರಿತು. ಒಂದು ಕೊಲೆಯ ಜಾಡು ಸಿಗಲು ಇನ್ನೊಂದು ಹೆಣ ಬೀಳಬೇಕಾಯಿತು. ಕಾನೂನು ಮಾಡಿದ ‘ತನ್ನ ಕೆಲಸ’ ಇದು. ವಿಚಾರವಾದಿ ದಾಭೋಲ್ಕರ್ ಹತ್ಯೆ ಪ್ರಕರಣದಲ್ಲಿ ಪುಣೆಯ ನ್ಯಾಯಾಲಯ ತಡವಾಗಿಯಾದರೂ 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ನಮಗೆ ತಾರೀಖಿನ ಮೇಲೆ ತಾರೀಖು.

ಇನ್ನು ಆ ನಾಲಿಗೆಯ ವಿಷಯ. ಹಿಡಿದಿದ್ದರಲ್ಲ! 1989ರಲ್ಲಿ, ಚನ್ನಬಸವಣ್ಣನ ಬಗ್ಗೆ ತಮ್ಮ ಸಂಶೋಧನಾ ಲೇಖನಗಳ ಸಂಕಲನ ‘ಮಾರ್ಗ’ದಲ್ಲಿ ಬರೆದದ್ದಕ್ಕೆ ಮಠಮಾನ್ಯಗಳು ಮುಗಿಬಿದ್ದಾಗ, ಮನೆಯವರ ಜೀವ ಉಳಿಸಲು ಬರೆದದ್ದನ್ನು ಹಿಂದೆ ಪಡೆದರು, ಅಂದು ತಾನು ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡೆ ಎಂದು ಆಮೇಲೆ ನೊಂದು ನುಡಿದರು. ಒಮ್ಮೆ ಹಾಗೆ ಸತ್ತವರನ್ನು ಇನ್ನೊಮ್ಮೆ ಕೊಂದಿರಿ. 2014ರಲ್ಲಿ ಅವರ ಅಪರಾಧವೇನು? ಮೂಢನಂಬಿಕೆ ವಿರೋಧಿ ವಿಧೇಯಕದ ಚರ್ಚೆಯಲ್ಲಿ ಇನ್ನೊಬ್ಬ ಲೇಖಕರ ಪುಸ್ತಕದಲ್ಲಿದ್ದ ಪ್ರಸಂಗ ಹೇಳಿದ್ದು. ಅಷ್ಟೇ.

2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಉಗ್ರರ ಗುಂಡು ಹಾರಿ, ಸಮ್ಮೇಳನಕ್ಕೆ ಬಂದಿದ್ದ ದೆಹಲಿ ಐಐಟಿಯ ಪ್ರೊ. ಎಂ.ಸಿ. ಪುರಿ ಸತ್ತರು. ಆಗ ಯಾರಾದರೂ ‘ಕೊಲೆ ತಪ್ಪು, ಆದರೆ ಅವರ ಗಣಿತವೂ ಸ್ವಲ್ಪ ಖಾರವಾಗಿತ್ತು’ ಅಂದರೇ? ಇಲ್ಲ. ದೇಶವೇ ಸಿಟ್ಟಾಯಿತು, ಆಗಬೇಕಾದದ್ದೇ. ಗುಂಡು ಹೊಡೆದವನ ಗುರುತು ನೋಡಿ ‘ಆದರೆ’ ಸೇರಿಸುವ ಈ ವ್ಯಾಕರಣವನ್ನು ಕೇಶಿರಾಜನೂ ಬರೆದಿಲ್ಲ.

ಕಲಬುರ್ಗಿಯವರು ನಮಗೆ ಏನಾಗಿದ್ದರು ಎಂಬುದಾದರೂ ಅತಿಥಿಗಳಿಗೆ ಗೊತ್ತೇ? ಜೇವರ್ಗಿಯ ಷಣ್ಮುಖ ಶಿವಯೋಗಿಯ ‘ಅಖಂಡೇಶ್ವರಾ’ ಎಂಬ ಅಂಕಿತ ಇವತ್ತು ಊರೂರಿನ ಕಪಾಟಿನಲ್ಲಿ ಸಿಗುತ್ತದಲ್ಲ, ಆ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳ ಹಿಂದೆ ಪ್ರಧಾನ ಸಂಪಾದಕರಾಗಿ ನಿಂತವರು ಇವರು. ಇವರ ಪಿಎಚ್.ಡಿ. ಕವಿರಾಜಮಾರ್ಗ ಪರಿಸರದ ಸಾಹಿತ್ಯದ ಮೇಲೆ, ಅಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡದ ಕಾಲದ ಮೇಲೆ. ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಹಟ ಹಿಡಿದವರೂ ಇವರೇ. ಲಾಡ್ಲೆ ಮಶಾಯಿಕರ ದರ್ಗಾದ ಊರಲ್ಲಿ ನಿಂತು ಭಾಷಣ ಮಾಡಿದವರಿಗೆ ಇದೊಂದೂ ನೆನಪಾಗಲಿಲ್ಲ.

ಬೆಂಗಳೂರಿಗಂತೂ ನಾವು ನೆನಪಾಗುವುದು ಪಿಸ್ತೂಲಿನಿಂದಲೇ. ‘ಭೀಮಾತೀರ’ ಅಂದರೆ ಸಿನಿಮಾದವರಿಗೆ ಲಾಂಗು, ಕಂಟ್ರಿ ಪಿಸ್ತೂಲು, ಸೇಡು. ಇಲ್ಲಿ ತೊಗರಿ ಬೆಳೆಯುತ್ತದೆ, ಗಾಣಗಾಪುರಕ್ಕೆ ಜನ ನಡೆದು ಬರುತ್ತಾರೆ. ಅದರ ಮೇಲೆ ಯಾರು ಸಿನಿಮಾ ತೆಗೆಯುತ್ತಾರೆ? 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಮೇಲೆ ಅದೇ ಟ್ರ್ಯಾಕ್ಟರ್ ಹರಿಸಿದರು. ಆಗಲೂ ಹಾರ, ಪರಿಹಾರ, ಮೌನ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಬಂತು, ಬೋರ್ಡಿಗೆ ಹೊಸ ಬಣ್ಣ ಬಂತು. ಬದಲಾದದ್ದು ಹೆಸರಷ್ಟೇ.

2006ರಲ್ಲಿ ‘ಮಾರ್ಗ 4’ಕ್ಕೆ ಪ್ರಶಸ್ತಿ ಕೊಟ್ಟು ಬೆನ್ನು ತಟ್ಟಿದ ಕೇಂದ್ರ ಸಾಹಿತ್ಯ ಅಕಾಡೆಮಿಯ ಕಾರ್ಯಕಾರಿ ಮಂಡಳಿ ಕೊಲೆ ಖಂಡಿಸಿ ನಿರ್ಣಯ ಮಾಡುವ ಹೊತ್ತಿಗೆ 2015ರ ಅಕ್ಟೋಬರ್ 23. ಅದೂ ಲೇಖಕರು ಸಾಲುಸಾಲಾಗಿ ಪ್ರಶಸ್ತಿ ಹಿಂದಿರುಗಿಸಿದ ಮೇಲೆ. ಆಗ ಅವರಿಗೆ ಬಿದ್ದ ಬಿರುದು ‘ಅವಾರ್ಡ್ ವಾಪಸಿ ಗ್ಯಾಂಗ್’. ಪಿಸ್ತೂಲು ಹಿಡಿದವರ ಹೆಸರು ಆರೋಪಪಟ್ಟಿಗೆ ಬರಲು ನಾಲ್ಕು ವರ್ಷ ಬೇಕಾಯಿತು. ಫಲಕ ಹಿಂದಿರುಗಿಸಿದವರಿಗೆ ನಾಲ್ಕು ದಿನದಲ್ಲಿ ಹೆಸರಿಟ್ಟರು.

ಸಭೆ ಮುಗಿದು ಚಹಾ ಹಂಚುವಾಗ ಪಕ್ಕದಲ್ಲಿದ್ದ ಹುಡುಗ ಮಾತಿಗೆ ಸಿಕ್ಕ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ. ಕೊಲೆ ನಡೆದ ಆ ಭಾನುವಾರ ಅವನಿಗೆ ಎಂಟು ವರ್ಷ. ಫೋಟೊ ನೋಡುತ್ತಾ ಕೇಳಿದ: ‘ಸರ್, ಇವರನ್ನ ಹೊಡೆದವರಿಗೆ ಎಷ್ಟು ವರ್ಷ ಶಿಕ್ಷೆ ಆಯ್ತ್ರೀ?’

ಉತ್ತರ ಹೇಳಬೇಕಾದವರು ಆಗಲೇ ಕಾರು ಹತ್ತಿದ್ದರು. ಮುಂದಿನ ಆಗಸ್ಟ್ 30ಕ್ಕೆ ದಯವಿಟ್ಟು ಹಾರ ತರಬೇಡಿ, ಮೌನವೂ ಬೇಡ. ಆ ಹುಡುಗನಿಗೆ ಹೇಳಲು ಒಂದು ಅಂಕಿ ತನ್ನಿ.