ಸೆರೆಮನೆಯ ಪತ್ರ ಮತ್ತು ಗಡಿಯಾಚೆಯ ಜಾಮೀನು

ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿದ್ದ ರಾಮಮೂರ್ತಿ ಎಂಬ ಕೈದಿ 1984ರ ಏಪ್ರಿಲ್‌ನಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಿಗೊಂದು ಪತ್ರ ಬರೆದ. ತಿನ್ನಲಾಗದ ಊಟ ಮತ್ತು ಹಿಂಸೆಯ ಕುರಿತ ಆ ಪತ್ರವನ್ನೇ ಸುಪ್ರೀಂ ಕೋರ್ಟು ರಿಟ್ ಅರ್ಜಿಯೆಂದು ಸ್ವೀಕರಿಸಿತು. ಕೈದಿಯ ಮೂಲಭೂತ ಹಕ್ಕುಗಳು ಜೈಲಿನ ಬಾಗಿಲಲ್ಲಿ ಕಳಚಿ ಬೀಳುವುದಿಲ್ಲವೆಂದು 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತ್ತು. ರಾಮಮೂರ್ತಿ ಪ್ರಕರಣದ ತೀರ್ಪು ಕಾರಾಗೃಹಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಮೊದಲನೆಯದು ಮಿತಿಮೀರಿದ ಜನದಟ್ಟಣೆ, ಎರಡನೆಯದು ವಿಚಾರಣೆಯ ವಿಳಂಬ. ತೀರ್ಪು ಹೊರಬಿದ್ದದ್ದು ಮಾತ್ರ 1996ರ ಡಿಸೆಂಬರಿನಲ್ಲಿ!

ಜನದಟ್ಟಣೆಗೆ ಕಾರಣ ಅಪರಾಧಿಗಳ ಸಂಖ್ಯೆಯೆಂದು ಭಾವಿಸುವವರಿದ್ದಾರೆ. ಆದರೆ 2022ರ ರಾಷ್ಟ್ರೀಯ ಅಂಕಿಅಂಶಗಳಂತೆ ಬಂದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಇವರಲ್ಲಿ ಮುಸ್ಲಿಮರ ಮತ್ತು ದಲಿತರ ಪ್ರಮಾಣ ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ಜಾಮೀನು ಮಂಜೂರಾದ ಬಳಿಕವೂ ಭದ್ರತೆ ನೀಡುವವರಿಲ್ಲದೆ ಒಳಗೇ ಉಳಿದವರು ಎಷ್ಟೋ ಮಂದಿ.

ಈ ಕಷ್ಟ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಇನ್ನೊಂದು ರೂಪ ತಾಳುತ್ತದೆ. ಕಾಗವಾಡದವನ ಮಾವ ಮಿರಜಿನಲ್ಲಿ, ನಿಪ್ಪಾಣಿಯವನ ಅಣ್ಣ ಕಾಗಲ್‌ನಲ್ಲಿ ಇರುವುದು ಇಲ್ಲಿ ಸಾಮಾನ್ಯ. ಸ್ಥಳೀಯ ಜಾಮೀನುದಾರನೇ ಬೇಕೆಂದರೆ ಹತ್ತಿರದ ರಕ್ತಸಂಬಂಧಿಯೇ ಪರಕೀಯನಾಗುತ್ತಾನೆ. ಮೋತಿರಾಮ್ ಎಂಬ ಗಾರೆ ಕೆಲಸದವನ ಸಹೋದರನ ಜಾಮೀನನ್ನು, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ತಪ್ಪೆಂದಿದ್ದರು. ಸ್ಥಳೀಯ ಜಾಮೀನಿನ ಷರತ್ತನ್ನು ಹೇರದಿರಬಹುದೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಸೂಚಿಸಿದೆ. ಒಂದು ತಿಂಗಳಲ್ಲಿ ಭದ್ರತೆ ಸಲ್ಲದಿದ್ದರೆ ನ್ಯಾಯಾಲಯವೇ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬಹುದೆಂದೂ ಹೇಳಿದೆ.

ಆದರೆ ಇದು ತಿಳಿಯಬೇಕಾದದ್ದು ಅಥಣಿಯಿಂದ ನೂರು ಕಿಲೋಮೀಟರಿಗೂ ಮಿಕ್ಕಿ ಪ್ರಯಾಣಿಸಿ, ದಿನಗೂಲಿ ಕಳೆದುಕೊಂಡು, ಬೆಳಗಾವಿಯ ಹಿಂಡಲಗಾ ಕಾರಾಗೃಹದ ಬಾಗಿಲಲ್ಲಿ ಭೇಟಿಗೆ ಕಾದು ಕೂರುವ ತಾಯಿಗೆ. ಆಕೆಗೆ ಇದನ್ನು ತಿಳಿಸುವವರು ಯಾರು? ಜೈಲಿಗೆ ಹೋದವನ ಮನೆಗೆ ಬಂಧುಗಳೇ ಕಾಲಿಡದ ಸಮಾಜ ನಮ್ಮದು. ಮದುವೆಗೆ ಚಂದಾ ಎತ್ತುವ ಜಮಾಅತ್‌ಗಳು ಜಾಮೀನಿನ ಮಾತು ಬಂದೊಡನೆ ಮೌನ ತಾಳುವುದನ್ನು ನಾವು ಕಂಡಿದ್ದೇವೆ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವ ಯಾವನೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರಿಗೆ ಅರ್ಹ. ತಾಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯ ಮೇಲೆ ಬರೆದ ಅರ್ಜಿಯೂ ಸಾಕು. ಓದುಬರಹ ಬಲ್ಲ ನಮ್ಮ ಯುವಕರು ಈ ವಾರ ಅಂಥದೊಂದು ಮನೆಗೆ ಹೋಗಿ ಆ ಅರ್ಜಿಯನ್ನು ಬರೆದುಕೊಡಲಿ.