ತಾನೇ ತೆರೆದುಕೊಳ್ಳುವ ಕೋಡಿ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ಬೆಳೆಗೆಂದು ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಮೂರು ವಾರ ಕಳೆಯುತ್ತಿದ್ದಂತೆ ಕೃಷ್ಣಾ ಪ್ರವಾಹದಲ್ಲಿ ತೇಲಿಬಂದ ದೋಣಿಗಳು ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಬಡಿದು, ಗೇಟುಗಳ ಕಾಂಕ್ರೀಟ್ ಸಮತೂಕದ ದಿಮ್ಮಿಗಳು ಮುರಿದವು. ಎರಡೂ ಕಡೆ ದುರಸ್ತಿಗೆ ಕರೆಸಿದ್ದು ಒಬ್ಬರನ್ನೇ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಎರಡು ರಾಜ್ಯಗಳ ಹೊಳೆಗಳಿಗೆ ಒಬ್ಬ ಹಿರಿಯರ ಅನುಭವವೇ ದಿಕ್ಕಾಗಿತ್ತು.

ಸರಪಳಿ, ಸಮತೂಕ, ಮೋಟಾರು ಒಂದೂ ಇಲ್ಲದೆ ಪ್ರವಾಹವನ್ನು ಹೊರಹಾಕುವ ಏರ್ಪಾಡೊಂದು ಕರ್ನಾಟಕದಲ್ಲೇ ಹುಟ್ಟಿತ್ತು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ವಾಲ್ಯೂಟ್ ಸೈಫನ್ ಅದು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಇಂದಿಗೂ ಅದು ಕೆಲಸ ಮಾಡುತ್ತಿದೆ. ಆದರೂ ಅಯ್ಯರ್ ಅವರ ಹೆಸರು ಹೇಳಿದರೆ ಗುರುತಿಸುವವರು ವಿರಳ.

ಅದರ ಒಳಗುಟ್ಟು ಸರಳ. ಜಲಾಶಯದೊಳಗೆ ನೆಟ್ಟಗೆ ನಿಂತ ದೊಡ್ಡ ಕೊಳವೆ. ಅದರ ಬಾಯಿ ಆಲಿಕೆಯಂತೆ ಅಗಲ. ಬಾಯಂಚು ಇರುವುದು ಸರಿಯಾಗಿ ಪೂರ್ಣ ಮಟ್ಟದಲ್ಲಿ. ಮೇಲೊಂದು ಗುಮ್ಮಟದ ಮುಚ್ಚಳ. ನೀರು ಅಂಚು ದಾಟಿ ಒಳಗೆ ಇಳಿಯತೊಡಗಿದಾಗ, ಆಲಿಕೆಯ ಒಳಮೈಯಲ್ಲಿ ಓರೆಯಾಗಿ ಕಟ್ಟಿದ ಏಣುಗಳು ಅದನ್ನು ಸುತ್ತಿಸುತ್ತವೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ತುಂಬಿಕೊಂಡು, ಜಲಾಶಯದ ನೀರನ್ನು ಭರದಿಂದ ಹೀರಿ ಕೆಳಗೆ ಚೆಲ್ಲುತ್ತದೆ. ಮಟ್ಟ ಇಳಿದಾಗ ಪಕ್ಕದ ಸಣ್ಣ ಕಿಂಡಿಯಿಂದ ಗಾಳಿ ಒಳನುಗ್ಗಿ ಹರಿವು ತಾನಾಗಿ ನಿಲ್ಲುತ್ತದೆ. ನಡುರಾತ್ರಿಯ ಮಳೆಯಲ್ಲಿ ಯಾರೂ ಅಣೆಕಟ್ಟಿನ ಮೇಲೆ ಓಡಬೇಕಿಲ್ಲ.

ಇಂಥದ್ದು ಹೊಸ ಅಣೆಕಟ್ಟುಗಳಲ್ಲಿ ಬಳಕೆಯಿಂದ ಹೋದದ್ದೇಕೆ? ಮರೆತುಹೋದ ಆವಿಷ್ಕಾರವೆಂದರೆ ಸೋತ ಆವಿಷ್ಕಾರ ಎಂದು ತೀರ್ಪು ಕೊಡುವುದು ಸುಲಭ. ಸಾಗರ ತಾಲ್ಲೂಕಿನ ಹಿರೇಭಾಸ್ಕರ ಅಣೆಕಟ್ಟು ಆ ತೀರ್ಪನ್ನು ಒಪ್ಪುವುದಿಲ್ಲ. ಜೋಗದ ವಿದ್ಯುತ್ತಿಗಾಗಿ ಶರಾವತಿಗೆ ಅಡ್ಡಲಾಗಿ ಕಟ್ಟಿದ ಅದರಲ್ಲೂ ಇದೇ ಸೈಫನ್‌ಗಳಿದ್ದವು. 1964ರಲ್ಲಿ ಅದಕ್ಕಿಂತ ಬಹು ದೊಡ್ಡದಾದ ಲಿಂಗನಮಕ್ಕಿ ಮುಗಿದಾಗ ಹಳೆಯ ಅಣೆಕಟ್ಟು ಇಡಿಯಾಗಿ ಹಿನ್ನೀರಿನಲ್ಲಿ ಮುಳುಗಿತು. ಅದು ಒಡೆಯಲಿಲ್ಲ, ಕೈಕೊಡಲಿಲ್ಲ. ನಾಡಿಗೆ ಹೆಚ್ಚು ವಿದ್ಯುತ್ ಬೇಕಾಗಿತ್ತು, ಅಷ್ಟೆ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಡೇನೂರಿನ ಬಳಿ ಅದು ಮೇಲೆದ್ದಾಗ ಜನ ತಂಡತಂಡವಾಗಿ ನೋಡಲು ಹೋಗುತ್ತಾರೆ. ದಶಕಗಳ ಕಾಲ ನೀರಿನಡಿ ಇದ್ದರೂ ಕಟ್ಟಡ ಗಟ್ಟಿಯಾಗಿಯೇ ಇದೆ.

ಸೈಫನ್ನಿನ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಕೆರೆಯ ಕೋಡಿಯ ಮೇಲೆ ನೀರು ಏರಿದಷ್ಟೂ ಹರಿವು ಭರದಿಂದ ಹೆಚ್ಚುತ್ತದೆ. ಸೈಫನ್ ಒಮ್ಮೆ ತುಂಬಿ ಹರಿದ ಮೇಲೆ ಹೆಚ್ಚು ಕೇಳಿದರೂ ಕೊಡಲಾರದು. ಅಂದಾಜು ಮೀರಿದ ಪ್ರವಾಹ ಬಂದರೆ ಕಷ್ಟ. ಮರದ ದಿಮ್ಮಿ, ಕಸ ಸಿಕ್ಕಿಕೊಂಡರೆ ಬಿಡಿಸುವುದು ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಬರುವ ಮಳೆಯನ್ನು ನೋಡಿ ಮೊದಲೇ ನೀರು ಬಿಡುವ ಅವಕಾಶ ಅಲ್ಲಿಲ್ಲ. ನದಿ ನೀರಿನ ಹಂಚಿಕೆಗಾಗಿ ರಾಜ್ಯ ರಾಜ್ಯಗಳು ಲೆಕ್ಕ ಹಾಕುವ ಕಾಲದಲ್ಲಿ ಎಂಜಿನಿಯರ್‌ಗಳು ಕೈಯಲ್ಲಿ ಹಿಡಿತವಿರುವ ಗೇಟನ್ನೇ ಬಯಸಿದ್ದರಲ್ಲಿ ತಪ್ಪಿಲ್ಲ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ, ಮುಂದೆ ಕನ್ನಂಬಾಡಿಗೂ ಬಂದ ಸ್ವಯಂಚಾಲಿತ ಗೇಟುಗಳೂ ಸೈಫನ್ನಿನಂತೆಯೇ ಮರೆವಿಗೆ ಸಂದಿವೆ. ಅವರ ಹೆಸರು ಮನೆಮಾತಾಯಿತು. ಆ ಗೇಟು ಹೇಗೆ ಏಳುತ್ತಿತ್ತು ಎಂಬುದನ್ನು ವಿವರಿಸಬಲ್ಲವರು ಹೆಚ್ಚಿಲ್ಲ.

ಬಳಕೆಯಿಂದ ಬಿಡುವುದು ಬೇರೆ, ತಿಳಿವಳಿಕೆಯಿಂದಲೇ ಬಿಡುವುದು ಬೇರೆ. ಮೊದಲನೆಯದಕ್ಕೆ ಸಕಾರಣಗಳಿರಬಹುದು. ಎರಡನೆಯದಕ್ಕೆ ತೆರುವ ಬೆಲೆ ದೊಡ್ಡದು, ಏಕೆಂದರೆ ಯಂತ್ರವನ್ನು ಜನ ಮರೆತರೂ ಯಂತ್ರ ತನ್ನ ಕೆಲಸ ಮರೆಯುವುದಿಲ್ಲ. 2025ರ ಅಕ್ಟೋಬರಿನಲ್ಲಿ ಮಾರ್ಕೋನಹಳ್ಳಿಗೆ ಬಂದ ಕುಟುಂಬವೊಂದು ಅಣೆಕಟ್ಟಿನ ಕೆಳಗೆ ನೀರಿಗಿಳಿದಿತ್ತು. ಸೈಫನ್ ತೆರೆದುಕೊಂಡು ನೀರು ಏಕಾಏಕಿ ನುಗ್ಗಿತು. ಹೆಂಗಸರು ಮಕ್ಕಳು ಕೊಚ್ಚಿಹೋದರು. ನೀರು ಬಿಡಲು ಯಾರೂ ಆದೇಶ ಕೊಟ್ಟಿರಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಕೆಳಗೆ ಒಣಗಿದಂತೆ ಕಾಣುವ ಹೊಳೆಪಾತ್ರ ಕೆಲವೇ ಹೊತ್ತಿನಲ್ಲಿ ತುಂಬಿಬಿಡುತ್ತದೆ ಎಂಬುದು ಆ ಸಾಧನದ ಮೂಲ ಗುಣ. ದೂರದಿಂದ ಬಂದವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಸೈಫನ್ ಶುರುವಾಗುವ ಮಟ್ಟ ಕಲ್ಲಿನಲ್ಲಿ ಕಟ್ಟಿಟ್ಟದ್ದು, ವರ್ಷದಿಂದ ವರ್ಷಕ್ಕೆ ಬದಲಾಗದು. ಆದ್ದರಿಂದ ಅದಕ್ಕಿಂತ ಒಂದು ಅಡಿ ಕೆಳಗೆ ತೇಲುಗುಂಡು ಇಟ್ಟು, ನೀರು ಅಲ್ಲಿಗೇರಿದೊಡನೆ ಕೆಳಗಿನ ದಡದಲ್ಲಿ ಸೈರನ್ ಮೊಳಗುವಂತೆ ಮಾಡುವುದು ಯಾವ ಪಾಲಿಟೆಕ್ನಿಕ್ ವಿದ್ಯಾರ್ಥಿಗೂ ಕಷ್ಟದ ಕೆಲಸವಲ್ಲ. ಅದರ ಪಕ್ಕದಲ್ಲೇ ಕೊಳವೆ, ಗುಮ್ಮಟ, ಸುಳಿಯ ಒಂದು ದೊಡ್ಡ ಚಿತ್ರ ಬರೆಸಿ, ಕನ್ನಡದಲ್ಲಿ ನಾಲ್ಕು ಸಾಲು ವಿವರಣೆ ಕೊಟ್ಟು, ಅಡಿಯಲ್ಲಿ ಗಣೇಶ್ ಅಯ್ಯರ್ ಹೆಸರು ಬರೆಸಬಹುದು.